ಬ್ಯೂಲಾ ಚೇತರಿಸಿಕೊಂಡ ದಿನ

ನಾನು ಸುಮೋ ಓಡಿಸುತ್ತಿದ್ದ ಕಾಲದ ಮಾತು. ಶಿಲ್ಲಾಂಗಿನಿಂದ ಹೊರಟು ಗಡಿಯ ಸಂತೆಗಳ ಕಡೆ ಇಳಿಯುವ ದಾರಿ. ಬೆಳಗಿನಿಂದ ಬಿಡದೆ ಸುರಿಯುತ್ತಿತ್ತು. ಮಾವ್‌ರಿಂಗ್ ತಿರುವಿಗೆ ಬರುವ ಹೊತ್ತಿಗೆ, ಮುಂದೆ ಹೋಗಿದ್ದ ಲಾರಿಯವನೊಬ್ಬ ಹಿಂದಕ್ಕೆ ತಿರುಗಿ ಬಂದು, ಗುಡ್ಡ ಜರಿದಿದೆ, ಮಣ್ಣು ತೆಗೆಯುವ ಯಂತ್ರ ಬರುವ ತನಕ ಒಂದು ಗಾಡಿಯೂ ದಾಟುವುದಿಲ್ಲ ಅಂದ. ಅಲ್ಲಿ ಆಸರೆ ಅಂತ ಇದ್ದದ್ದು ಒಂದೇ, ಎಲ್ಲರೂ ಕಾಂಗ್, ಅಂದರೆ ಅಕ್ಕ, ಅನ್ನುವ ಸಿಬೊನ್‌ಳ ಜಾದೊ ಅಂಗಡಿ, ಮಾಂಸದ ಜೊತೆ ಕೆಂಪನ್ನ ಬಡಿಸುವ ಪುಟ್ಟ ಹೋಟೆಲು. ಹೊತ್ತಿನ್ನೂ ಮಧ್ಯಾಹ್ನ. ಆದರೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ ಒಳಗೆ ದೀಪ ಹಚ್ಚಿದ್ದರು.

ನನ್ನ ಗಾಡಿಯಲ್ಲಿದ್ದವರೆಲ್ಲ ಒಲೆಯ ಸುತ್ತ ಕೂತರು. ಸಿಬೊನ್ ಮುದುಕಿ ಒಲೆಯ ಪಕ್ಕದ ಬೆತ್ತದ ಮೋಡಾದ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದಳು. ಎಂಬತ್ತು ದಾಟಿದ ಜೀವ, ಚೌಕಳಿ ಶಾಲಿನೊಳಗೆ ಹಕ್ಕಿಯಷ್ಟು ಸಣ್ಣಗೆ ಕಾಣುತ್ತಿದ್ದಳು. ಅವಳ ತಂಗಿಯ ಮಗಳು ಐಬಾನಿ, ಅವಳಿಗೂ ಐವತ್ತರ ಮೇಲಾಗಿತ್ತು, ತಟ್ಟೆಗಳಿಗೆ ಕೆಂಪನ್ನ, ಹಂದಿಮಾಂಸ ಬಡಿಸುತ್ತಿದ್ದಳು. ಬ್ಯಾಟರಿ ಮಾರುವ ಬನ್ಶಾನ್ ಅನ್ನುವ ಹುಡುಗಾಟದ ಆಸಾಮಿಯೊಬ್ಬ ನಮ್ಮ ಜೊತೆಗಿದ್ದ. ಅವನು ತಟ್ಟೆ ನೋಡಿ, "ಏನು ಕಾಂಗ್, ಮಳೆಗಾಲ ಹೀಗೆ ಹುಯ್ತಿದೆ, ಅಣಬೆ ಪಲ್ಯ ಇಲ್ಲದ ಜಾದೊ ಅಂಗಡಿ ಇದೊಂದೇ ಇರ್ಬೇಕು. ಎಲ್ಲಾ ನೀವೇ ತಿಂದು ಮುಗಿಸಿದ್ರಾ?" ಅಂದ.

ಐಬಾನಿ ಅನ್ನದ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಮುದುಕಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು.

"ಕೂತ್ಕೋ ಬಾಹ್, ಕೂತ್ಕೋ ತಮ್ಮ," ಅಂದಳು. "ರಸ್ತೆ ಬಿಡೋಕೆ ಇನ್ನೂ ಹೊತ್ತಿದೆ. ಯಾಕಿಲ್ಲ ಅಂತ ಹೇಳ್ತೀನಿ."

ಅವಳು ಹೇಳಿದ್ದನ್ನು ಅವಳ ಬಾಯಲ್ಲೇ ಹೇಳುತ್ತೇನೆ.

*

ನಮ್ಮೂರು ಈ ಅಂಗಡಿ ಹಿಂದಿನ ಏರಿ ಹತ್ತಿದ್ರೆ ಸಿಗುತ್ತೆ. ಅದರ ಮೇಲೆ ಓಕ್ ಮರದ ಕಾಡು. ನಮ್ಮಮ್ಮ ಬದುಕಿದ್ದಾಗ, ಆ ಕಾಡಿನ ಅಣಬೆ ನಮ್ಮನೆ ಅಂಗಳಕ್ಕೆ ಬರದೆ ಊರಿನ ಯಾರ ಒಲೆ ಮೇಲೂ ಏರ್ತಿರ್ಲಿಲ್ಲ. ಹೆಂಗಸ್ರು ಬುಟ್ಟಿ ತಂದು ಚಾಪೆ ಮೇಲೆ ಸುರಿಯೋರು, ಅಮ್ಮ ಒಂದೊಂದನ್ನೇ ತಿರುವಿ ನೋಡೋಳು. ಬುಡ ಇಲ್ದೆ ಬಂದ ಅಣಬೆನ ಮುಟ್ತಾನೇ ಇರ್ಲಿಲ್ಲ. "ಇದರ ಕಾಲೆಲ್ಲಿ? ಕಾಲು ಬಿಟ್ಟು ತಲೆ ಮಾತ್ರ ತಂದ್ರೆ ನಾನೇನು ಹೇಳ್ಲಿ?" ಅನ್ನೋಳು. ಕತ್ತಿನಲ್ಲಿ ಉಂಗುರ ಇದ್ದು, ಬುಡದಲ್ಲಿ ಒಡೆದ ಮೊಟ್ಟೆ ಸಿಪ್ಪೆ ಹಾಗೆ ಬಿಳೀ ಚೀಲ ಇದ್ರೆ, ಅದು ಎಷ್ಟೇ ಚೆಂದ ಇರ್ಲಿ, ಗುಂಡಿ ತೋಡಿ ಹೂತು ಕೈ ತೊಳ್ಕೊಳ್ಳೋಳು. ಬೆಳ್ಳಿ ಕಾಸು ಹಾಕಿದ್ರೆ ಕಪ್ಪಾಗುತ್ತೆ, ಅಕ್ಕಿ ಹಾಕಿದ್ರೆ ಬಣ್ಣ ತಿರುಗುತ್ತೆ, ಹುಳ ತಿಂದಿದ್ರೆ ನಾವೂ ತಿನ್ಬಹುದು... ಇಂಥ ಮಾತು ಯಾರಾದ್ರೂ ಆಡಿದ್ರೆ ಅಮ್ಮನಿಗೆ ಸಿಟ್ಟು ಬರೋದು. ಒಂದು ಸಣ್ಣ ಅನುಮಾನ ಬಂದ್ರೂ ಇಡೀ ಬುಟ್ಟಿನೇ ಹೋಯ್ತು. ಎಷ್ಟು ಜನ ಬೈಕೊಂಡು ಹೋಗಿದ್ದಾರೆ ಗೊತ್ತಾ ನಮ್ಮಮ್ಮನ್ನ?

ಅಮ್ಮ ತೀರಿಕೊಂಡ್ಮೇಲೆ ಮನೆ ಕಿರೀ ಮಗಳಿಗೆ ಬಂತು. ಅದೇ ನಮ್ಮ ಪದ್ಧತಿ ಅಲ್ವಾ. ಕಿರಿಯವಳು ನನ್ನ ತಂಗಿ ಬ್ಯೂಲಾ. ಕೆಂಪು ಕೆನ್ನೆ, ಬಾಯಿ ತೆಗೆದ್ರೆ ನಗು. ಗಂಡ ಸ್ಕೆಂಡರ್ ಆಚೆ ಊರಿಂದ ಬಂದು ಮನೇಲಿದ್ದ, ಒಳ್ಳೇವ್ನು, ಸ್ವಲ್ಪ ತುಂಟ. ಒಬ್ಬಳೇ ಮಗಳು ಐಬಾನಿ, ಆಗ ಇಷ್ಟುದ್ದ. ನಾನು ಮೇಲಿನ ಓಣೀಲಿ ನನ್ನ ಸಂಸಾರ ಮಾಡ್ಕೊಂಡಿದ್ದೆ.

ಮನೆ ಜೊತೆಗೆ ಆ ಚಾಪೆನೂ ಬ್ಯೂಲಾಗೆ ಬಂತು ನೋಡಿ. ಹೆಂಗಸ್ರು ಬುಟ್ಟಿ ತಂದು ಅವಳ ಮುಂದೆ ಸುರಿಯೋಕೆ ಶುರು ಮಾಡಿದ್ರು. ಅವಳಿಗೆ ಅಮ್ಮನ ವಿದ್ಯೆ ಅರ್ಧ ಗೊತ್ತಿತ್ತು. ಇನ್ನರ್ಧ ಗೊತ್ತಿಲ್ಲ ಅಂತ ಹೇಳೋಕೆ ಬಾಯಿ ಬರ್ತಿರ್ಲಿಲ್ಲ. ಯಾರಿಗೆ ತಾನೇ ಬರುತ್ತೆ? ಅಷ್ಟು ಜನ ಎದುರು ಕೂತು, "ನೀನೇ ಹೇಳ್ಬೇಕಮ್ಮ, ನಿಮ್ಮಮ್ಮನ ಕಣ್ಣು ನಿಂದು" ಅಂದ್ರೆ...

ಆ ವರ್ಷ ಇವತ್ತಿನ ಹಾಗೇ ಮಳೆ. ಬ್ಯೂಲಾ ಒಬ್ಬಳೇ ಕಾಡಿಗೆ ಹೋದ್ಲು. ಮಣ್ಣೆಲ್ಲ ಕೆಸರು, ಕಾಲಿಗೆ ಜಿಗಣೆ. ಬುಡ ಅಗೆದ್ರೆ ಬುಟ್ಟಿಯೆಲ್ಲ ರಾಡಿಯಾಗುತ್ತೆ ಅಂತ ಚಾಕು ತಗೊಂಡು ಕತ್ತಿಗೇ ಕೊಯ್ದುಕೊಂಡು ಬಂದ್ಲು. ತಿಳಿ ಹಸಿರು ಮಿಶ್ರ ಆದ ಬಿಳಿ ಬಣ್ಣ, ರೇಷ್ಮೆ ಹಾಗೆ ಮಿರುಗೋ ತಲೆ. ಸ್ಕೆಂಡರ್ ಕೈಯಲ್ಲಿ ಹಿಡ್ಕೊಂಡು, "ಇದು ತಿನ್ನೋದಾ ಇಲ್ಲಾ ನಿನ್ನ ಕಿವಿಗೆ ಇಟ್ಕೊಳ್ಳೋದಾ?" ಅಂತ ಕೇಳಿದ್ನಂತೆ. "ತಿನ್ನೋದೇ. ನಮ್ಮಮ್ಮನ ಮಗಳಿಗೆ ಹೇಳ್ಕೊಡ್ಬೇಡ," ಅಂದ್ಲಂತೆ ಇವಳು. ಕರಿಎಳ್ಳು ಅರೆದು ಹಾಕಿ ಪಲ್ಯ ಮಾಡಿದ್ಲು. ಮಗು ಯಾವುದಕ್ಕೋ ಹಠ ಮಾಡಿ, ಬೈಸ್ಕೊಂಡು, ಊಟ ಬಿಟ್ಟು ಮಲಗ್ತು. ಅದರ ಪಾಲನ್ನ ತಟ್ಟೇಲಿಟ್ಟು ಮೇಲೊಂದು ತಟ್ಟೆ ಮುಚ್ಚಿಟ್ರು. ಗಂಡ ಹೆಂಡ್ತಿ ಉಂಡ್ರು. ಅಷ್ಟು ರುಚಿ ಯಾವತ್ತೂ ತಿಂದಿರ್ಲಿಲ್ಲ ಅಂತ ಆಮೇಲೆ ನನ್ಹತ್ರ ಹೇಳಿದ್ಲು. ಹೌದು, ರುಚಿಯಾಗೇ ಇರುತ್ತೆ ಅದು. ಕಹಿ ಇದ್ದಿದ್ರೆ ಎಷ್ಟೋ ಜನ ಉಳ್ಕೊಳ್ತಿದ್ರು.

ಬೆಳಗಿನ ಜಾವಕ್ಕೆ ವಾಂತಿ ಭೇದಿ ಶುರುವಾಯ್ತು. ಇಡೀ ದಿನ ಇಬ್ರೂ ನೆಲ ಹಿಡಿದ್ರು. ನಾನು ಆಗ ಸಂತೆಗೆ ಹೋಗಿದ್ದೆ, ಬಂದು ಕೇಳಿದ್ದು ಅದರ ಮಾರನೇ ಬೆಳಿಗ್ಗೆ. ಓಡಿ ಹೋದೆ. ಹೋಗಿ ನೋಡಿದ್ರೆ... ಬ್ಯೂಲಾ ಬಾಗಿಲಲ್ಲಿ ಕೂತು ತಲೆ ಬಾಚ್ಕೊಳ್ತಿದ್ದಾಳೆ. ಸ್ನಾನ ಆಗಿದೆ. ಕೆನ್ನೆ ಕೆಂಪು ಕೆಂಪು. "ಎಲ್ಲಿ ಹೋಗಿದ್ದೆ ಅಕ್ಕ, ನಿನ್ನೆ ನಾವು ಸತ್ತೇ ಹೋದ್ವಿ ಅಂದ್ಕೊಂಡಿದ್ವಿ," ಅಂತ ನಗ್ತಾಳೆ. ಸ್ಕೆಂಡರ್ ಬೇಲಿ ಕಟ್ತಿದ್ದಾನೆ.

"ಏನು ತಿಂದ್ರಿ?" ಅಂದೆ.

"ಅಣಬೆ. ಅದರಿಂದಲ್ಲ ಬಿಡು, ನೀರಿಂದ ಆಗಿರ್ಬೇಕು. ನೋಡು, ತಿಂದ್ವಿ, ನಮಗೇನೂ ಆಗ್ಲಿಲ್ಲ. ಐಬಾನಿ ಪಾಲು ಹಾಗೇ ಇದೆ, ಈಗ ಬಿಸಿ ಮಾಡಿ ಕೊಡ್ತೀನಿ."

ನಾನು ಮುಚ್ಚಿದ ತಟ್ಟೆ ತೆಗೆದು ನೋಡಿದೆ. ತಲೆ ಇದೆ, ಕೊಯ್ದ ಕತ್ತಿದೆ. ಕಾಲಿಲ್ಲ. ಆ ತಟ್ಟೇನ ಯಾರಿಗೂ ಎಟುಕದ ಅಟ್ಟದ ಮೇಲಿಟ್ಟು, ಗುದ್ದಲಿ ತಗೊಂಡು, ಎಲ್ಲಿ ಕೊಯ್ದೆ ಅಂತ ಕೇಳ್ಕೊಂಡು ಕಾಡಿಗೆ ಹತ್ತಿದೆ. ದೊಡ್ಡ ಓಕ್ ಮರದ ಕೆಳಗೆ ಅವಳು ಕೊಯ್ದು ಬಿಟ್ಟ ಮೋಟುಗಳು ಹಾಗೇ ನಿಂತಿದ್ವು. ಒಂದರ ಸುತ್ತ ಅಗೆದೆ. ಮಣ್ಣು ಸರಿಸಿದೆ... ಬಿಳೀ ಚೀಲ. ಇನ್ನೊಂದು ಅಗೆದೆ. ಅದಕ್ಕೂ ಚೀಲ. ಅಷ್ಟೂ ಅಗೆದೆ ನಾನು, ಯಾವುದಾದ್ರೂ ಒಂದಕ್ಕೆ ಇಲ್ದೇ ಇರ್ಲಿ ಅಂತ ಅಳ್ತಾ ಅಗೆದೆ.

ಅಮ್ಮ ಹೇಳ್ತಿದ್ಲು, ಇದನ್ನ ತಿಂದೋರು ಮಧ್ಯೆ ಒಂದು ದಿನ ಹುಷಾರಾಗ್ತಾರೆ. ನಗ್ತಾರೆ, ಹಸಿವು ಅಂತಾರೆ, ಮನೆಯೋರು ದೇವರು ದೊಡ್ಡವನು ಅಂತ ಸಿಹಿ ಹಂಚ್ತಾರೆ. ಒಳಗೆ ಅದು ತನ್ನ ಕೆಲಸ ಮಾಡ್ತಾನೇ ಇರುತ್ತೆ.

ನಾನು ಗುಡ್ಡ ಇಳಿದು ಬಂದಾಗ ತಂಗಿ ಅಂಗಳದಲ್ಲಿ ಮಗಳಿಗೆ ಜಡೆ ಹಾಕ್ತಾ ಹಾಡು ಗುನುಗ್ತಿದ್ಲು. ಹೇಳಿ ನೀವೇ... ಜೀವಂತ ಕೂತು ಹಾಡ್ತಿರೋಳ ಮುಖ ನೋಡಿ, ಇವಳು ಹೋದ್ಲು ಅಂತ ಗೊತ್ತಾಗೋದಿದೆಯಲ್ಲ, ಅದಕ್ಕಿಂತ ದೊಡ್ಡ ದೆವ್ವ ಯಾವುದಿದೆ? ತಟ್ಟೇಲಿದ್ದದ್ದನ್ನ ನಾನು ಹೂತುಬಿಟ್ಟೆ. "ನನ್ನ ಮಗೂ ಪಾಲು ಯಾಕೆ ಬಿಸಾಕಿದೆ?" ಅಂತ ಅವಳು ನನ್ನ ಮೇಲೆ ಮುನಿಸ್ಕೊಂಡ್ಲು. ಬೇಡಿಕೊಂಡು, ಬೈದು, ಇಬ್ರನ್ನೂ ಬಸ್ ಹತ್ತಿಸಿ ಶಿಲ್ಲಾಂಗ್ ಆಸ್ಪತ್ರೆಗೆ ಕರ್ಕೊಂಡು ಹೋದೆ. ಬಸ್ಸಲ್ಲೂ ಬ್ಯೂಲಾ ಪಕ್ಕದೋರಿಗೆ, "ನಮ್ಮಕ್ಕನಿಗೆ ಭಯ ಜಾಸ್ತಿ" ಅಂತ ಹೇಳ್ಕೊಂಡು ನಕ್ಕಿದ್ಲು. ಡಾಕ್ಟ್ರು ಕೈಲಾದ್ದೆಲ್ಲ ಮಾಡಿದ್ರು. ಕಣ್ಣು ಹಳದಿಯಾಯ್ತು, ಮೈ ಹಳದಿಯಾಯ್ತು, ಮಾತು ತಪ್ಪಿತು. ಮೊದಲು ಸ್ಕೆಂಡರ್ ಹೋದ. ಹಿಂದೇನೇ ಅವಳು. ನಾನೇ ಅವಳ ಮೈ ತೊಳೆದೆ, ನಾನೇ ಬಟ್ಟೆ ಉಡಿಸಿದೆ. ನೆನಪಿಟ್ಕೊಳ್ಳಿ ಇದನ್ನ, ನಾನೇ ತೊಳೆದೆ.

*

ಇಲ್ಲಿಗೆ ಬಂದು ಮುದುಕಿ ಒಲೆಗೆ ಒಂದು ಕೊರಡು ತಳ್ಳಿದಳು. ಬನ್ಶಾನ್ ತಟ್ಟೆ ಕೆಳಗಿಟ್ಟಿದ್ದ. ನಮ್ಮಲ್ಲಿ ಒಬ್ಬ ನರ್ಸಮ್ಮ ಇದ್ದಳು, ಅವಳು ಮೆಲ್ಲಗೆ, "ಹೌದು, ಹಾಗೇ ಆಗುತ್ತೆ," ಅಂದಳು. ಮುದುಕಿ ತಲೆಯಾಡಿಸಿ ಮುಂದುವರಿಸಿದಳು.

*

ಮುಂದಿನ ಮಳೆಗಾಲ. ಮೆಲ್ಡಾ ಅಂತ ಒಬ್ಬಳು ಪಕ್ಕದ ಮನೆಯೋಳು, ಕಣ್ಣು ಸ್ವಲ್ಪ ಮಂದ. ಅಣಬೆಗೆ ಹೋಗಿದ್ಲು. ಮಂಜಿನಲ್ಲಿ ಯಾರೋ ಹೆಂಗಸು ಹಣೆಪಟ್ಟಿ ಬುಟ್ಟಿ ಹೊತ್ಕೊಂಡು ಪಕ್ಕಕ್ಕೆ ಬಂದ್ಲಂತೆ. ಎಲೆ ಅಡಿಕೆ ಕ್ವಾಯ್ ಅಗಿದು ತುಟಿ ಕೆಂಪು. "ಅದೇನು ಅದನ್ನ ಬಿಟ್ಟು ಹೋಗ್ತೀಯಾ? ತಗೋ, ನಾನು ಮೊನ್ನೆ ತಿಂದೆ, ಹೊಟ್ಟೆ ಒಂಚೂರು ಕೆಟ್ಟಿತ್ತು, ಈಗ ನೋಡು, ನನಗೇನೂ ಆಗಿಲ್ಲ," ಅಂದ್ಲಂತೆ. ತಾನೇ ಕೊಯ್ದು ಮೆಲ್ಡಾ ಬುಟ್ಟಿಗೆ ಹಾಕಿದ್ಲಂತೆ. ಮೆಲ್ಡಾ ಮನೆಗೆ ಬಂದು ಅಣಬೆ ತೊಳೆಯೋಕೆ ಕೂತಾಗ, ಆ ಧ್ವನಿ ಯಾರದು ಅಂತ ನೆನಪಾಯ್ತು. ಪಾತ್ರೆ ಸಮೇತ ಹೊರಗೆ ಎಸೆದು ಜ್ವರ ಬಂದು ಮಲಗಿದ್ಲು.

ನಾವು ನಂಬ್ಲಿಲ್ಲ. ಮೆಲ್ಡಾನ ತಮಾಷೆ ಮಾಡಿದ್ವಿ. "ಸತ್ತೋರಿಗೂ ನಿನ್ನ ಬುಟ್ಟಿ ಖಾಲಿ ಇರೋದು ನೋಡಿ ಅಯ್ಯೋ ಅನಿಸ್ತೇನೋ" ಅಂತ ನಮ್ಮ ಯಜಮಾನ್ರೇ ರೇಗಿಸಿದ್ರು. ಆಮೇಲೆ ಕಲ್ಲು ಒಡೆಯೋ ಕೆಲಸಕ್ಕೆ ಬಂದಿದ್ದ ಹೊರಗಿನ ಹುಡುಗರು ಅಣಬೆ ತಿಂದು ಹಾಸಿಗೆ ಹಿಡಿದ್ರು. ಪಾಪ, ಅವರಿಗೆ ಬ್ಯೂಲಾ ಯಾರಂತ ಹೇಗೆ ಗೊತ್ತಿರುತ್ತೆ? ಅವರಲ್ಲೊಬ್ಬನೇ ಉಳಿದ. ಅವನು ಹಾಸಿಗೇಲಿ ಹೇಳಿದ್ದು ಇಷ್ಟೇ... "ಒಬ್ಬಳು ಅಕ್ಕ ತೋರಿಸಿಕೊಟ್ಲು. ತಾನೂ ತಿಂದಿದೀನಿ ಅಂದ್ಲು. ಅಷ್ಟು ಗಟ್ಟಿಮುಟ್ಟಾಗಿದ್ಲು, ನಂಬದೆ ಏನು ಮಾಡೋದು?"

ಅಲ್ಲಿಂದ ಊರಲ್ಲಿ ತಮಾಷೆ ನಿಂತಿತು. ಚರ್ಚಿನಲ್ಲಿ ಪ್ರಾರ್ಥನೆ ಆಯ್ತು. ಹಳೇ ಪದ್ಧತಿ ಬಿಡದವನೊಬ್ಬ ಮುದುಕ ಇದ್ದ, ಹಲಗೆ ಮೇಲೆ ಮೊಟ್ಟೆ ಒಡೆದು ಸಿಪ್ಪೆ ಬಿದ್ದ ರೀತಿ ನೋಡಿ ಹೇಳೋನು. ಕದ್ದುಮುಚ್ಚಿ ಅವನ ಹತ್ರಾನೂ ಹೋದೆ. ಅವನು ಬಹಳ ಹೊತ್ತು ಸಿಪ್ಪೆ ನೋಡಿದ. "ನಿನ್ನ ತಂಗಿಗೆ ಯಾರ ಮೇಲೂ ದ್ವೇಷ ಇಲ್ಲ. ಅವಳು ಆ ಹುಷಾರಾದ ದಿನದಲ್ಲೇ ನಿಂತುಬಿಟ್ಟಿದ್ದಾಳೆ. ಸತ್ತ ಸುದ್ದಿ ಅವಳಿಗೆ ಮುಟ್ಟಿಲ್ಲ. ಮನೆಯೋರೇ ಯಾರಾದ್ರೂ ಹೋಗಿ ಹೇಳ್ಬೇಕು," ಅಂದ.

ಮನೆಯೋರು ಅಂದ್ರೆ ಯಾರು? ನಾನೇ ತಾನೇ.

ಹೋದೆ. ಮಟಮಟ ಮಧ್ಯಾಹ್ನ, ಆದ್ರೂ ಮಂಜಿನಲ್ಲಿ ನನ್ನ ಕೈ ನನಗೆ ಕಾಣ್ತಿರ್ಲಿಲ್ಲ. ಆ ಓಕ್ ಮರದ ಕೆಳಗೆ ಬಿದಿರೆಲೆ ಗೊರಬು ಕವುಚಿಕೊಂಡು ಕೂತೆ. ಎಲೆ ಮೇಲೆ ಹೆಜ್ಜೆ ಸದ್ದಾಯ್ತು. "ಇಲ್ಲಿ ಕೂತಿದ್ದೀಯಾ ಅಕ್ಕ? ನಾನು ಮನೇಲೆಲ್ಲ ಹುಡುಕಿದೆ," ಅಂತ ಪಕ್ಕದಲ್ಲೇ ಬಂದು ಕೂತ್ಲು. ಅದೇ ಬಾಚಿದ ತಲೆ. ಕೂದಲಿಂದ ಸ್ನಾನದ ನೀರು ಇನ್ನೂ ತೊಟ್ಟಿಕ್ತಿತ್ತು. ನನ್ನ ಕೈ ಹಿಡ್ಕೊಂಡ್ಲು. ತಣ್ಣಗಿರುತ್ತೆ ಅಂದ್ಕೊಂಡ್ರಾ? ಬೆಚ್ಚಗಿತ್ತು, ಈಗ ತಾನೇ ಒಲೆ ಮುಂದಿಂದ ಎದ್ದು ಬಂದೋಳ ಕೈ ಹಾಗೆ. ನನಗೇ ಅನುಮಾನ ಬಂತು, ನಾನು ತೊಳೆದದ್ದು ಯಾರನ್ನ ಹಾಗಾದ್ರೆ?

"ಐಬಾನಿ ಇನ್ನೂ ಮುನಿಸ್ಕೊಂಡಿದ್ದಾಳಾ?" ಅಂತ ಕೇಳಿದ್ಲು. "ಅವಳ ಪಾಲು ನೀನು ಬಿಸಾಕಿದೆ ನೋಡು, ಅದಕ್ಕೇ ಮತ್ತೆ ಕೊಯ್ಯೋಕೆ ಬಂದೆ. ಮಗು ಹಸಿದಿರುತ್ತೆ. ಇಲ್ಲಿಗೆ ಕಳಿಸು ಅವಳನ್ನ."

ಆಗ ನನಗೆ ಅರ್ಥವಾಯ್ತು, ಅವಳು ಯಾಕೆ ಹೀಗೆ ಬುಟ್ಟಿ ತುಂಬ್ತಿದ್ದಾಳೆ ಅಂತ.

ಹೇಳ್ದೆ. "ಬ್ಯೂಲಾ, ನೀನು ಸತ್ತು ವರ್ಷ ಆಯ್ತು," ಅಂದೆ. ಅವಳು ನಕ್ಕಳು. "ಸ್ಕೆಂಡರೂ ಸತ್ತ. ನಾನೇ ನಿನ್ನ ಮೈ ತೊಳೆದೆ ಕಣೇ," ಅಂದೆ. ಅವಳು ನನ್ನ ಮುಖ ನೋಡ್ತಾ ನೋಡ್ತಾ ನಗು ನಿಲ್ಲಿಸಿದ್ಲು. ಏನೋ ನೆನಪಾದ ಹಾಗೆ ಹೊಟ್ಟೆ ಮೇಲೆ ಕೈ ಇಟ್ಕೊಂಡ್ಲು. ಮೊದಲು ಕಣ್ಣಿನ ಬಿಳಿ ಹಳದಿಗೆ ತಿರುಗ್ತು. ಆಮೇಲೆ ಕೆನ್ನೆ, ಕತ್ತು, ನನ್ನ ಕೈಯೊಳಗಿದ್ದ ಅವಳ ಬೆರಳು. ನೆಲಕ್ಕೆ ಬಿದ್ದು ಹೊರಳಿದ್ಲು. "ಅಕ್ಕ, ನೋಯ್ತಿದೆ," ಅಂದ್ಲು. ಆಸ್ಪತ್ರೇಲಿ ಗಾಜಿನ ಆಚೆ ಆಗಿದ್ದೆಲ್ಲ ಇಲ್ಲಿ ನನ್ನ ಮಡಿಲಲ್ಲಿ ಆಯ್ತು. ಕೊನೆಗೆ ಮಡಿಲಲ್ಲಿ ಒದ್ದೆ ಎಲೆ ಬಿಟ್ಟು ಏನೂ ಉಳೀಲಿಲ್ಲ.

ಮುಗೀತು ಅಂದ್ಕೊಂಡೆ. ಕಷ್ಟವಾದ್ರೂ ಸರಿ, ಮುಕ್ತಿ ಸಿಕ್ತಲ್ಲ ಅಂದ್ಕೊಂಡೆ.

ಮುಂದಿನ ಮಳೆಗೆ ಅದೇ ಕೆಂಪು ಕೆನ್ನೆ, ಅದೇ ಬುಟ್ಟಿ. "ಇಲ್ಲಿ ಕೂತಿದ್ದೀಯಾ ಅಕ್ಕ?"

ಮತ್ತೆ ಹೇಳ್ದೆ. ಮತ್ತೆ ಸತ್ಲು. ಅದರಾಚೆ ವರ್ಷಾನೂ ಹೇಳ್ದೆ. ಸುದ್ದಿ ಅವಳಿಗೆ ಮುಟ್ಟುತ್ತೆ, ಆದ್ರೆ ನಿಲ್ಲಲ್ಲ. ಹೇಳಿದಾಗೆಲ್ಲ ಅವಳು ಸಾಯ್ಬೇಕು, ಮಳೆ ಬಂದಾಗೆಲ್ಲ ಹುಷಾರಾಗ್ಬೇಕು. ಒಡಹುಟ್ಟಿದೋಳನ್ನ ಎಷ್ಟು ಸಲ ಸಾಯಿಸ್ತೀರಿ ನೀವು? ಆಮೇಲಿಂದ ನಾನು ಹೇಳೋದು ಬಿಟ್ಟೆ. ಮಳೆಗಾಲ ಪೂರ್ತಿ, ಮಂಜು ಇಳಿದ ದಿನವೆಲ್ಲ ಹೋಗಿ ಅವಳ ಜೊತೆ ಕೂರ್ತಿದ್ದೆ. ಬೇರೆ ಯಾರಿಗೂ ಅವಳು ಸಿಗಬಾರದಲ್ಲ. "ಹೌದಮ್ಮ, ಹುಷಾರಾಗಿದ್ದೀಯ," ಅಂತಿದ್ದೆ. ಅಮ್ಮನ ಮಾತು, ಊರಿನ ಮಾತು, ಸ್ಕೆಂಡರ್‌ನ ಗೊರಕೆ ಮಾತು ಆಡಿ ನಗ್ತಿದ್ವಿ. ಸಂಜೆ ಅವಳ ಬುಟ್ಟಿ ನಾನು ಇಸ್ಕೊಳ್ತಿದ್ದೆ, "ಮಗೂಗೆ ನಾನೇ ಬೇಯಿಸಿ ಹಾಕ್ತೀನಿ" ಅಂತ. ಒಂದೊಂದನ್ನೂ ದಾರೀಲಿ ಹೂತು ಬರ್ತಿದ್ದೆ. ಐಬಾನಿ ಬೆಳೆದ್ಲು, ಮದುವೆಯಾಯ್ತು, ನನ್ನ ಗಂಡ ಹೋದ್ರು, ನನ್ನ ತಲೆ ಬೆಳ್ಳಗಾಯ್ತು. "ಏನಕ್ಕ, ಬಳಲಿದ ಹಾಗೆ ಕಾಣ್ತೀಯ?" ಅಂತ ಮಾತ್ರ ಕೇಳ್ತಿದ್ಲು.

ಈಗ ಎರಡು ಮಳೆಗಾಲ ಆಯ್ತು, ಮಂಡಿ ನನ್ನನ್ನ ಗುಡ್ಡ ಹತ್ತಿಸ್ತಿಲ್ಲ.

*

ಮಳೆ ತಗಡಿನ ಮೇಲೆ ಹುಯ್ಯುತ್ತಿತ್ತು. ಕೊನೆಗೆ ಬನ್ಶಾನ್, ಅವನ ಧ್ವನಿಯಲ್ಲಿ ಹುಡುಗಾಟ ಉಳಿದಿರಲಿಲ್ಲ, "ಹಾಗಾದರೆ ಅವಳು?" ಅಂತ ಕೇಳಿದ.

"ಹುಡುಕ್ಕೊಂಡು ಇಳಿದಿದ್ದಾಳೆ," ಅಂದಳು ಸಿಬೊನ್. "ಮೊದಲು ಮೇಲಿನ ಊಟೆ ಹತ್ರ ಕಂಡಳಂತೆ. ಆಮೇಲೆ ಕಲ್ಲುಕ್ವಾರಿ. ಈ ವರ್ಷ ರಸ್ತೆಗೇ ಬಂದಿದ್ದಾಳೆ. ಮುಂದಿನ ತಿರುವಿನಲ್ಲಿ ಎಲೆ ಹಾಸ್ಕೊಂಡು ಅಣಬೆ ಮಾರೋ ಹೆಂಗಸ್ರು ಸಾಲಾಗಿ ಕೂತಿರ್ತಾರೆ, ನೋಡಿರ್ತೀರಿ. ಎಲ್ಲಾ ನಮ್ಮೋರೇ, ಬುಡ ಸಮೇತ ಕಿತ್ತು ತಂದು ತೋರಿಸೋರು, ಅವರ ಹತ್ರ ಧಾರಾಳವಾಗಿ ಕೊಳ್ಳಿ. ಆದ್ರೆ ನೀವು ಕೇಳ್ದೇನೇ ಯಾರಾದ್ರೂ, ನಾನೂ ತಿಂದೆ, ನನಗೇನೂ ಆಗ್ಲಿಲ್ಲ ಅಂದ್ರೆ... ವಾದ ಮಾಡ್ಬೇಡಿ. ಸತ್ತಿದ್ದೀಯ ಅಂತ ಹೇಳ್ಬೇಡಿ, ಪಾಪ. ಒಳ್ಳೇದಾಯ್ತಮ್ಮ ಅಂತ ಹೇಳಿ ಮುಂದೆ ಹೋಗಿ."

ನರ್ಸಮ್ಮ ಒಳಬಾಗಿಲ ಕಡೆ ನೋಡಿ, ತಗ್ಗಿದ ಧ್ವನಿಯಲ್ಲಿ, "ಐಬಾನಿ ಅವರಿಗೆ ಇದು ಗೊತ್ತಾ? ಅವರು ತಾಯೀನ ನೋಡಿದ್ದಾರಾ?" ಅಂದಳು.

ಉತ್ತರ ಐಬಾನಿಯಿಂದಲೇ ಬಂತು. ಅವಳು ಕೆಂಪು ಚಹಾದ ಲೋಟಗಳನ್ನು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಮಂಜು ಇಳಿದ ದಿನ ಇಲ್ಲಿಗೆ ಬರ್ತಾಳೆ," ಅಂದಳು. "ಆ ಕೊನೇ ಬೆಂಚಿನ ಮೇಲೆ ಕೂರ್ತಾಳೆ. ಚಹಾ ಕೊಡ್ತೀನಿ. ನನ್ನ ಗುರುತು ಹಿಡಿಯಲ್ಲ. ಅವಳಿಗಿಂತ ನನಗೇ ಈಗ ವಯಸ್ಸು ಜಾಸ್ತಿ ಅಲ್ವಾ, ನನ್ನನ್ನೇ ಕಾಂಗ್ ಅಂತ ಕರೀತಾಳೆ. 'ಕಾಂಗ್, ಈ ಕಡೆ ಒಂದು ಸಣ್ಣ ಹುಡುಗಿ ಬಂದಿದ್ಲಾ? ಊಟ ಬಿಟ್ಟು ಮುನಿಸ್ಕೊಂಡು ಹೋಗಿದ್ದಾಳೆ' ಅಂತ ಕೇಳ್ತಾಳೆ. ಇಲ್ಲಮ್ಮ, ಬಂದಿಲ್ಲ, ಅಂತೀನಿ."

ಲೋಟಗಳನ್ನು ಒಬ್ಬೊಬ್ಬರಿಗೂ ಕೊಟ್ಟಳು. ಕೊನೆಯ ಬೆಂಚಿನ ಮೇಲೆ ಕೂತಿದ್ದ ನಮ್ಮ ಇಬ್ಬರು ಸದ್ದಿಲ್ಲದೆ ಎದ್ದು ಈಚೆ ಬಂದು ಕೂತರು. ಹೊರಗೆ ಮಂಜು ಹೊಸ್ತಿಲ ತನಕ ಬಂದಿತ್ತು. ಸಿಬೊನ್ ಮುದುಕಿ ಶಾಲು ಬಿಗಿಯಾಗಿ ಹೊದ್ದುಕೊಂಡು ಆ ಕಡೆಗೇ ನೋಡುತ್ತಾ ಹೇಳಿದಳು.

"ರಸ್ತೆ ಕಟ್ಟಿರೋದು ಗಾಡಿಗಳಿಗೆ. ನಡೆದು ಬರೋರಿಗೆ ಕಾಲುದಾರಿ ಇದ್ದೇ ಇದೆ... ಬೇಗ ಬೇಗ ಕುಡೀರಿ. ಇವತ್ತು ಅವಳು ಇನ್ನೂ ಬಂದಿಲ್ಲ."